ಸಭೆಯನ್ನು ಒಪ್ಪಿಸುವ ಮಾತು: ಸಿದ್ಧತೆಯಿಂದ ನಡಾವಳಿಯವರೆಗೆ

ಸಭೆಯಲ್ಲಿ ಎದ್ದು ನಿಂತು ಒಂದು ವಿಷಯವನ್ನು ಮಂಡಿಸಿ, ಒಪ್ಪದೆ ಕುಳಿತವರನ್ನೂ ಒಪ್ಪಿಸುವ ಶಕ್ತಿ ಹುಟ್ಟಿನಿಂದ ಬರುವ ವರವೆಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಈ ನಂಬಿಕೆಯಿಂದ ಆಗಿರುವ ನಷ್ಟ ಸಣ್ಣದಲ್ಲ. ನ್ಯಾಯವಾದ ಬೇಡಿಕೆಯಿರುವವರು ತಮಗೆ ಮಾತು ಬಾರದೆಂದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಾರೆ. ಸಭೆ ಮುಗಿದು ಚಹಾ ಕುಡಿಯುವಾಗ ಅವರ ಬಾಯಿಂದ ಬರುವ ಮಾತು ಸಭೆಯಲ್ಲಿ ಬಂದ ಎಲ್ಲ ಮಾತಿಗಿಂತ ತೂಕದ್ದಾಗಿರುತ್ತದೆ, ಆದರೆ ಆ ಹೊತ್ತಿಗೆ ನಡಾವಳಿಗೆ ಸಹಿ ಬಿದ್ದಿರುತ್ತದೆ. ಮನವೊಲಿಸುವ ಮಾತು ಕಲಿತು ಬರುವ ವಿದ್ಯೆ. ಗ್ರೀಸಿನಲ್ಲೂ ಭಾರತದಲ್ಲೂ ಅದಕ್ಕೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಕ್ರಮಬದ್ಧವಾದ ಶಾಸ್ತ್ರಗಳು ಹುಟ್ಟಿದವು, ಮತ್ತು ಆ ಶಾಸ್ತ್ರಗಳ ಮುಖ್ಯ ಉಪಕರಣಗಳು ಇಂದಿನ ಗ್ರಾಮಸಭೆಗೂ ಸಹಕಾರ ಸಂಘದ ವಾರ್ಷಿಕ ಸಭೆಗೂ ಹಾಗೆಯೇ ಒದಗುತ್ತವೆ.

ಈ ಮಾರ್ಗದರ್ಶಿ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಸಂಜೆ ಬೇಗ ಬಾಗಿಲು ಹಾಕುತ್ತದೆ. ಅದನ್ನು ರಾತ್ರಿ ಎಂಟರವರೆಗೆ ತೆರೆದಿಡಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಬೇಕಾಗಿದೆ ಎಂದುಕೊಳ್ಳೋಣ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಊರಿನ ಮತದಾರರೆಲ್ಲರೂ ಅದರ ಸದಸ್ಯರೇ. ಅಂದರೆ ಅಲ್ಲಿ ಮಾತನಾಡಲು ನಿಮಗೆ ಯಾರ ಶಿಫಾರಸೂ ಬೇಕಿಲ್ಲ. ಬೇಕಿರುವುದು ಸಿದ್ಧತೆ, ಮತ್ತು ಅದರ ಹೆಚ್ಚಿನ ಪಾಲು ಬಾಯಿ ತೆರೆಯುವ ಮೊದಲೇ ಮುಗಿಯುವಂಥದ್ದು.

ಮೊದಲು, ಕೇಳುವುದನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ (ಕ್ರಿ.ಪೂ. 384–322) ಸಭೆಯ ಮಾತುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ. ನ್ಯಾಯಾಲಯದ ಮಾತು ನಡೆದುಹೋದುದನ್ನು ಕುರಿತದ್ದು: ತಪ್ಪು ನಡೆಯಿತೇ, ಯಾರಿಂದ ನಡೆಯಿತು. ಸಮಾರಂಭದ ಮಾತು ಈಗಿನದನ್ನು ಕುರಿತದ್ದು: ಯಾರನ್ನು ಹೊಗಳಬೇಕು, ಯಾವುದನ್ನು ತೆಗಳಬೇಕು. ಸಮಾಲೋಚನೆಯ ಮಾತು ಮುಂದಿನದನ್ನು ಕುರಿತದ್ದು: ನಾವು ಏನು ಮಾಡಿದರೆ ಒಳಿತು. ಗ್ರಾಮಸಭೆ ಈ ಮೂರನೆಯ ಬಗೆಗೆ ಸೇರಿದ ಜಾಗ. ಆದರೆ ನಮ್ಮ ಸಭೆಗಳಲ್ಲಿ ಏಳುವ ಮಾತಿನಲ್ಲಿ ಬಹುಪಾಲು ಮೊದಲನೆಯ ಬಗೆಯದು. ಗ್ರಂಥಾಲಯದ ಬಾಗಿಲು ಯಾರಿಂದಾಗಿ ಮುಚ್ಚಿತು, ಹಿಂದಿನ ಅವಧಿಯ ಸದಸ್ಯರು ಏನು ಮಾಡಲಿಲ್ಲ, ಕಟ್ಟಡದ ಬಣ್ಣದ ದುಡ್ಡು ಎಲ್ಲಿ ಹೋಯಿತು ಎಂದು ಶುರುವಾದರೆ ಎದುರಿಗಿರುವವರು ಆರೋಪಿಗಳಾಗುತ್ತಾರೆ, ಆರೋಪಿಯಾದವನು ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆಯೇ ಹೊರತು ನಿಮ್ಮ ಬೇಡಿಕೆಗೆ ಕೈ ಎತ್ತುವುದಿಲ್ಲ. ಲೆಕ್ಕ ಕೇಳಬೇಕಾದ ಸಂದರ್ಭಗಳಿವೆ. ಅದಕ್ಕೆ, ಆದ ಕೆಲಸ ಮತ್ತು ಖರ್ಚನ್ನು ಊರಿನವರೇ ಪರಿಶೀಲಿಸುವ ಸಾಮಾಜಿಕ ಪರಿಶೋಧನೆಯ ಸಭೆಯಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ಎರಡೂ ಸಿಗುವುದಿಲ್ಲ.

ಆದ್ದರಿಂದ ಹಾಳೆಯ ಮೇಲೆ ಬರೆಯಿರಿ: ‘ಗ್ರಂಥಾಲಯವನ್ನು ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಸಂಜೆ 5ರಿಂದ 8ರವರೆಗೂ ತೆರೆದಿಡಬೇಕೆಂದು ಈ ಸಭೆ ನಿರ್ಣಯಿಸಬೇಕು.’ ಈ ವಾಕ್ಯದಲ್ಲಿ ಕೆಲಸವಿದೆ, ವೇಳೆಯಿದೆ, ಮಾಡಬೇಕಾದವರಿದ್ದಾರೆ. ‘ಗ್ರಂಥಾಲಯವನ್ನು ಅಭಿವೃದ್ಧಿಪಡಿಸಬೇಕು’ ಎಂಬ ವಾಕ್ಯಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ, ಮರುದಿನ ಯಾರೂ ಏನನ್ನೂ ಮಾಡಬೇಕಾಗಿಲ್ಲ.

ಕೇಳುವವರನ್ನು ಓದಿಕೊಳ್ಳಿ

ವಾದದ ಶಾಸ್ತ್ರ ನಮ್ಮಲ್ಲಿ ತರ್ಕದ ಪಾಠಶಾಲೆಗಳಲ್ಲಿ ಮಾತ್ರ ಬೆಳೆದದ್ದಲ್ಲ. ವೈದ್ಯಗ್ರಂಥವಾದ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗದಲ್ಲಿ, ವೈದ್ಯರು ಪರಸ್ಪರ ಹೇಗೆ ಚರ್ಚಿಸಬೇಕೆಂಬ ವಿವರವಾದ ಪಾಠವಿದೆ. ಸ್ನೇಹದಿಂದ ಕೂಡಿ ನಡೆಸುವ ಸಂಧಾಯ ಸಂಭಾಷೆ ಬೇರೆ, ಎದುರಾಳಿಯಾಗಿ ನಡೆಸುವ ವಿಗೃಹ್ಯ ಸಂಭಾಷೆ ಬೇರೆ ಎಂದು ಅದು ಮೊದಲೇ ಗೆರೆ ಎಳೆಯುತ್ತದೆ. ಮಾತಿಗಿಳಿಯುವ ಮುನ್ನ ಎದುರಾಳಿಯನ್ನಷ್ಟೇ ಅಲ್ಲ, ಸಭೆಯನ್ನೂ ಪರೀಕ್ಷಿಸಬೇಕೆನ್ನುತ್ತದೆ: ಸಭೆ ವಿಷಯ ತಿಳಿದದ್ದೋ ತಿಳಿಯದ್ದೋ, ನಮಗೆ ಒಲಿದದ್ದೋ, ತಟಸ್ಥವೋ, ವಿರೋಧ ಕಟ್ಟಿಕೊಂಡು ಕುಳಿತದ್ದೋ. ವಿರೋಧಕ್ಕೆ ಹಟ ಹಿಡಿದ ಸಭೆಯಲ್ಲಿ ವಾದಕ್ಕಿಳಿಯಬೇಡಿ ಎಂದೂ ಎಚ್ಚರಿಸುತ್ತದೆ.

ನಿಮ್ಮ ಊರಿನ ಸಭೆಯನ್ನು ಹೀಗೆಯೇ ನೋಡಿ. ಮಕ್ಕಳನ್ನು ಓದಿಸುತ್ತಿರುವ ತಾಯಂದಿರು, ಸ್ವಸಹಾಯ ಸಂಘದ ಸದಸ್ಯೆಯರು ಒಲಿದವರು. ಅವರಿಗೆ ಬೇಕಾದದ್ದು ಕಾರಣವಲ್ಲ, ತಾವೂ ಎದ್ದು ಒಂದು ಮಾತು ಹೇಳುವ ಧೈರ್ಯ. ಮನೆಯ ಮಂಜೂರಾತಿಗೋ ಕೊಳವೆಬಾವಿಗೋ ಬಂದವರು ತಟಸ್ಥರು. ಈ ವಿಷಯ ತಮ್ಮ ವಿಷಯಕ್ಕೆ ಅಡ್ಡ ಬರುವುದಿಲ್ಲ ಎಂದು ತಿಳಿದರೆ ಅವರು ನಿಮ್ಮೊಡನೆ ಬರುತ್ತಾರೆ. ವಿರೋಧಿಸುವವರು ಕೆಲವರೇ ಇರುತ್ತಾರೆ. ಅವರಲ್ಲಿ ನಿಜವಾದ ಕಾರಣವಿರುವವರನ್ನು ಸಭೆಯ ಹಿಂದಿನ ವಾರವೇ ಅವರ ಮನೆಯಲ್ಲಿ ಭೇಟಿ ಮಾಡುವುದು ಉತ್ತಮ. ಎಲ್ಲರ ಮುಂದೆ ‘ಇಲ್ಲ’ ಎಂದವರು ಎಲ್ಲರ ಮುಂದೆಯೇ ಅದನ್ನು ಹಿಂತೆಗೆದುಕೊಳ್ಳುವುದು ಕಷ್ಟ; ಜಗಲಿಯಲ್ಲಿ ಕುಳಿತು ಮನಸ್ಸು ಬದಲಿಸುವುದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಗ್ರಂಥಾಲಯದ ಮೇಲ್ವಿಚಾರಕರನ್ನು ಮಾತ್ರ ತಪ್ಪದೆ ಮೊದಲು ಕಾಣಬೇಕು. ದುಡಿಯುವ ವೇಳೆ ಬದಲಾಗುವುದು ಅವರದು; ಅವರಿಗೆ ಸಭೆಯಲ್ಲೇ ಸುದ್ದಿ ತಿಳಿಯುವಂತಾದರೆ ಅದು ಅನ್ಯಾಯವೂ ಹೌದು, ನಿಮ್ಮ ಬೇಡಿಕೆ ಅಲ್ಲಿಗೇ ಮುಗಿಯುವುದೂ ಹೌದು.

ತಕರಾರು ಎಲ್ಲಿ ನಿಂತಿದೆ ಎಂದು ಪತ್ತೆ ಹಚ್ಚಿ

ಇಡೀ ಸಿದ್ಧತೆಯಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆಯೂ ಇದೇ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಹರ್ಮಗೋರಸ್ ಎಂಬ ಗ್ರೀಕ್ ವಿದ್ವಾಂಸ ಒಂದು ವಿಧಾನವನ್ನು ರೂಪಿಸಿದ. ರೋಮಿನ ವಕೀಲರು ಅದನ್ನು ಶತಮಾನಗಳ ಕಾಲ ಕಲಿತರು. ಯಾವುದೇ ವಿವಾದ ನಾಲ್ಕು ಪ್ರಶ್ನೆಗಳಲ್ಲಿ ಒಂದರ ಮೇಲೆ ನಿಂತಿರುತ್ತದೆ ಎಂಬುದು ಅದರ ತಿರುಳು. ಸಂಗತಿ ಇದೆಯೇ, ಇಲ್ಲವೇ? ಇದ್ದರೆ, ಅದನ್ನು ಏನೆಂದು ಕರೆಯಬೇಕು? ಅದು ಎಂಥದು, ಸರಿಯೇ, ಎಷ್ಟು ಮುಖ್ಯ? ಕೊನೆಯದಾಗಿ, ಅದನ್ನು ತೀರ್ಮಾನಿಸುವ ಅಧಿಕಾರ ಯಾರದು? ಎರಡು ಪಕ್ಷಗಳು ಬೇರೆ ಬೇರೆ ಪ್ರಶ್ನೆಗಳ ಮೇಲೆ ನಿಂತು ಮಾತನಾಡಿದರೆ ಗಂಟೆಗಟ್ಟಲೆ ಕೂಗಾಡಿದರೂ ಒಬ್ಬರ ಮಾತು ಇನ್ನೊಬ್ಬರನ್ನು ಮುಟ್ಟುವುದಿಲ್ಲ.

ನಮ್ಮ ಉದಾಹರಣೆಗೆ ಹಚ್ಚಿ ನೋಡೋಣ. ‘ಸಂಜೆ ತೆರೆದರೆ ಯಾರೂ ಬರುವುದಿಲ್ಲ’ ಎನ್ನುವವರು ಮೊದಲನೆಯ ಪ್ರಶ್ನೆಯ ಮೇಲೆ ನಿಂತಿದ್ದಾರೆ. ಅವರಿಗೆ ಓದಿನ ಮಹಿಮೆಯನ್ನು ಎಷ್ಟು ಹೇಳಿದರೂ ವ್ಯರ್ಥ. ಅವರು ಓದನ್ನು ಅಲ್ಲಗಳೆದೇ ಇಲ್ಲ. ಅವರಿಗೆ ಬೇಕಾದದ್ದು ಸಂಗತಿ: ಪ್ರೌಢಶಾಲೆಯ ಎಷ್ಟು ಮಕ್ಕಳು, ಕಾಲೇಜಿನಿಂದ ಸಂಜೆಯ ಬಸ್ಸಿಗೆ ಇಳಿಯುವ ಎಷ್ಟು ಜನ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಎಷ್ಟು ಯುವಕ ಯುವತಿಯರು ಬರುತ್ತೇವೆಂದು ಹೆಸರು ಬರೆದು ಸಹಿ ಹಾಕಿದ್ದಾರೆ. ‘ಅದೇನು ಗ್ರಂಥಾಲಯವೇ, ಪೇಪರ್ ಓದುತ್ತ ಹರಟೆ ಹೊಡೆಯುವ ಕಟ್ಟೆ’ ಎನ್ನುವವರು ಎರಡನೆಯ ಪ್ರಶ್ನೆಯ ಮೇಲಿದ್ದಾರೆ; ಅವರಿಗೆ ಎರವಲು ವಹಿಯನ್ನು ತೋರಿಸಬೇಕು, ಯಾವ ಪುಸ್ತಕಗಳು ಹೋಗಿವೆ, ಯಾರು ಒಯ್ದಿದ್ದಾರೆ ಎಂಬುದನ್ನು. ‘ಕುಡಿಯುವ ನೀರಿಗೇ ತತ್ವಾರ, ನಿಮಗೆ ಗ್ರಂಥಾಲಯದ ಚಿಂತೆ’ ಎನ್ನುವವರು ಮೂರನೆಯದರ ಮೇಲಿದ್ದಾರೆ. ಇದು ನಾಲ್ಕರಲ್ಲೂ ಬಲವಾದ ಆಕ್ಷೇಪ, ಏಕೆಂದರೆ ಅದರ ಹಿಂದೆ ನಿಜವಾದ ಕಷ್ಟವಿದೆ. ನೀರಿಗಿಂತ ಓದು ದೊಡ್ಡದೆಂದು ವಾದಿಸಲು ಹೋಗಬಾರದು. ಒಂದರ ಹಣ ಇನ್ನೊಂದರಿಂದ ಕಿತ್ತುಕೊಂಡದ್ದಲ್ಲ ಎಂಬುದನ್ನು ತೋರಿಸಬೇಕು: 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಮನೆ ಮತ್ತು ಕಟ್ಟಡಗಳ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲರೂ ಬೇರೆಯಾಗಿ ಕಟ್ಟುತ್ತಿದ್ದೇವೆ. ನಿಮ್ಮ ಪಂಚಾಯಿತಿಯ ತೆರಿಗೆ ಬೇಡಿಕೆ, ವಸೂಲಿ, ಬಾಕಿಯ ವಿವರವನ್ನು ಮುಂಚೆಯೇ ಕೇಳಿ ಪಡೆದು, ಆ ಕರ ಎಷ್ಟು ಎಂಬ ನಿಖರ ಅಂಕಿಯನ್ನು ಕೈಯಲ್ಲಿಟ್ಟುಕೊಳ್ಳಿ.

ನಾಲ್ಕನೆಯದು ಅಧಿಕಾರದ ಪ್ರಶ್ನೆ: ‘ಇದು ನಮ್ಮ ಕೈಯಲ್ಲಿಲ್ಲ, ಗ್ರಂಥಾಲಯ ಇಲಾಖೆಯಿಂದ ಬರಬೇಕು.’ ಬಹಳ ಸಭೆಗಳಲ್ಲಿ ಒಳ್ಳೆಯ ಬೇಡಿಕೆಗಳು ಈ ಒಂದು ವಾಕ್ಯದಿಂದ ಸತ್ತುಹೋಗುತ್ತವೆ, ಏಕೆಂದರೆ ಕೇಳಿದವರ ಬಳಿ ಆ ಕ್ಷಣಕ್ಕೆ ಉತ್ತರವಿರುವುದಿಲ್ಲ. ಇಲ್ಲಿ ಉತ್ತರವಿದೆ. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಬಾಗಿಲಿನ ಬೀಗ ಪಂಚಾಯಿತಿಯ ವ್ಯಾಪ್ತಿಗೇ ಬಂದಿರುವಾಗ, ವೇಳೆಯ ಬಗ್ಗೆ ನಿರ್ಣಯಿಸಿ ಮೇಲಿನ ಅನುಮೋದನೆಗೆ ಕಳುಹಿಸುವುದಕ್ಕೆ ಗ್ರಾಮಸಭೆಗೆ ಅಡ್ಡಿಯೇನೂ ಇಲ್ಲ.

ನಾಲ್ಕು ಪ್ರಶ್ನೆಗಳಿಗೂ ತಲಾ ಎರಡು ವಾಕ್ಯದ ಉತ್ತರ ಬರೆದಿಟ್ಟುಕೊಳ್ಳಿ, ಆದರೆ ನಾಲ್ಕನ್ನೂ ಸಭೆಯಲ್ಲಿ ಹೇಳಬೇಡಿ. ಯಾರೂ ಕೇಳದ ಆಕ್ಷೇಪಕ್ಕೆ ಉತ್ತರ ಕೊಟ್ಟರೆ ಆ ಆಕ್ಷೇಪವನ್ನು ನೀವೇ ಕಲಿಸಿಕೊಟ್ಟಂತಾಗುತ್ತದೆ.

ಕಾರಣವನ್ನು ಕಟ್ಟುವ ಕ್ರಮ

ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ಒಂದು ವಾದಕ್ಕೆ ಐದು ಅವಯವಗಳನ್ನು ಹೇಳುತ್ತದೆ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಈ ವಿಷಯಕ್ಕೆ ಹಚ್ಚುವುದು), ನಿಗಮನ (ತೀರ್ಮಾನ). ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಕಂಡಂತೆ, ಈ ಬೆಟ್ಟದಲ್ಲೂ ಅಂಥದೇ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ತರ್ಕದ ವಿದ್ಯಾರ್ಥಿಗಳು ಇದನ್ನು ಉರು ಹೊಡೆಯುತ್ತಾರೆ. ಇದು ಮೂಲತಃ ಇನ್ನೊಬ್ಬರನ್ನು ಒಪ್ಪಿಸುವುದಕ್ಕೆ ಕಟ್ಟಿದ ಚೌಕಟ್ಟು. ತನಗೆ ತಾನೇ ಊಹಿಸಿಕೊಳ್ಳಲು ಇಷ್ಟು ಅವಯವಗಳು ಬೇಕಿಲ್ಲ. ಮೂರನೆಯ ಅವಯವವಾದ ಉದಾಹರಣೆಯೇ ಇದರ ಜೀವ, ಏಕೆಂದರೆ ಅದು ಇಬ್ಬರೂ ಈಗಾಗಲೇ ಒಪ್ಪಿರುವ ಸಂಗತಿಯಾಗಿರಲೇಬೇಕು.

ನಮ್ಮ ವಿಷಯವನ್ನು ಇದರಲ್ಲಿ ಕೂರಿಸಿದರೆ ಹೀಗಾಗುತ್ತದೆ. ಗ್ರಂಥಾಲಯವನ್ನು ಸಂಜೆ ಎಂಟರವರೆಗೆ ತೆರೆದಿಡಬೇಕು. ಏಕೆಂದರೆ ಅದು ಬೇಕಾದವರಿಗೆ ಬಿಡುವಾಗುವುದು ಆ ಹೊತ್ತಿನಲ್ಲಿ. ಜನರಿಗೆ ಬಿಡುವಾಗುವ ವೇಳೆಗೆ ಬಾಗಿಲು ತೆರೆದಿರುವ ಸೇವೆಯೇ ಊರಿನಲ್ಲಿ ನಡೆಯುತ್ತದೆ. ನಮ್ಮ ಡೇರಿ ಹಾಲು ಕರೆಯುವ ಹೊತ್ತಿಗೆ ಬೆಳಿಗ್ಗೆ ಮತ್ತು ಸಂಜೆ ತೆರೆಯುತ್ತದೆ, ಮಧ್ಯಾಹ್ನ ಮಾತ್ರ ತೆರೆದಿದ್ದರೆ ಒಂದು ಕ್ಯಾನೂ ತುಂಬುತ್ತಿರಲಿಲ್ಲ. ಗ್ರಂಥಾಲಯವೂ ಅಂಥದೇ ಸೇವೆ, ಮತ್ತು ಈಗ ಅದು ಮಕ್ಕಳು ಶಾಲೆಯಲ್ಲಿರುವಾಗ ತೆರೆದು, ಅವರು ಮನೆಗೆ ಬರುವಾಗ ಮುಚ್ಚುತ್ತಿದೆ. ಆದ್ದರಿಂದ ವೇಳೆ ಬದಲಾಗಬೇಕು. ಡೇರಿಯ ಮಾತನ್ನು ಅಲ್ಲಗಳೆಯುವವರು ಆ ಸಭೆಯಲ್ಲಿ ಯಾರೂ ಇರಲಾರರು. ಅಲ್ಲಿಂದ ಗ್ರಂಥಾಲಯಕ್ಕೆ ಬರುವುದು ಒಂದೇ ಹೆಜ್ಜೆ.

ಹೇತುವನ್ನು ಆರಿಸುವಾಗ ಎಚ್ಚರವಿರಲಿ. ‘ಪಕ್ಕದ ಪಂಚಾಯಿತಿಯಲ್ಲಿ ಮಾಡಿದ್ದಾರೆ, ನಾವೂ ಮಾಡಬೇಕು’ ಎಂಬುದನ್ನು ನ್ಯಾಯದರ್ಶನದ ಪಂಡಿತರು ಸವ್ಯಭಿಚಾರವೆಂಬ ಹೇತ್ವಾಭಾಸಕ್ಕೆ, ಅಂದರೆ ಹುಸಿ ಕಾರಣಕ್ಕೆ, ಸೇರಿಸುತ್ತಾರೆ, ಏಕೆಂದರೆ ಪಕ್ಕದವರು ಮಾಡಿದ್ದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಆ ಕಾರಣ ಎರಡೂ ಕಡೆಗೆ ಓಡುತ್ತದೆ. ಪಕ್ಕದವರು ಮಾಡಿದ ಮೇಲೆ ಅಲ್ಲಿನ ಎರವಲು ವಹಿಯಲ್ಲಿ ಏನು ಬದಲಾಯಿತು ಎಂದು ಹೋಗಿ ನೋಡಿ ಬಂದರೆ ಅದೇ ಸಂಗತಿ ಗಟ್ಟಿ ಹೇತುವಾಗುತ್ತದೆ.

ಕರ್ಣನ ಮುಂದೆ ಕೃಷ್ಣ: ಒಂದು ಪಾಠ

ಅರಿಸ್ಟಾಟಲ್ ಮನವೊಲಿಕೆಗೆ ಮೂರು ಆಧಾರಗಳನ್ನು ಹೇಳಿದ್ದಾನೆ: ಮಾತಿನೊಳಗಿನ ಕಾರಣ, ಮಾತನಾಡುವವರ ಮೇಲೆ ಕೇಳುಗರಿಗೆ ಹುಟ್ಟುವ ವಿಶ್ವಾಸ, ಕೇಳುಗರ ಮನಸ್ಸಿನಲ್ಲಿ ಏಳುವ ಭಾವ. ಮೊದಲನೆಯದನ್ನು ಕಟ್ಟುವುದನ್ನು ನೋಡಿದ್ದಾಯಿತು. ಉಳಿದೆರಡನ್ನು ಕಲಿಯಲು ಕನ್ನಡದಲ್ಲಿ 15ನೇ ಶತಮಾನದ ಕುಮಾರವ್ಯಾಸನ ಉದ್ಯೋಗಪರ್ವಕ್ಕಿಂತ ಒಳ್ಳೆಯ ಪಠ್ಯ ನನಗೆ ಕಂಡಿಲ್ಲ. ಸಂಧಿ ಮುರಿದ ಮೇಲೆ ಕೃಷ್ಣ ಕರ್ಣನನ್ನು ಪಾಂಡವರ ಕಡೆಗೆ ಸೆಳೆಯಲು ಮಾಡುವ ಪ್ರಯತ್ನವನ್ನು ಶಾಲೆಯಲ್ಲಿ ಓದಿದವರು ಬಹಳ. ಈ ಸಲ ಅದನ್ನು ಮಾತಿನ ವಿದ್ಯೆಯ ಪಾಠವೆಂದು ಮತ್ತೆ ಓದಿ.

ಕೃಷ್ಣ ಮೊದಲು ವಿಷಯವನ್ನೇ ಎತ್ತುವುದಿಲ್ಲ. ‘ಮೈದುನತನದ ಸರಸ’ವನ್ನಾಡುತ್ತ ಕರ್ಣನನ್ನು ಬರಸೆಳೆದು ರಥದ ಪೀಠದಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾನೆ. ನಿಮಗೆ ಸಮನಾಗಿ ಕೂರುವುದೇ, ಅಂಜುತ್ತೇನೆ ಎಂದು ಕರ್ಣ ಹಿಂಜರಿದರೆ, ತೊಡೆಗೆ ತೊಡೆ ಸೋಂಕುವಷ್ಟು ಹತ್ತಿರ ಸರಿಯುತ್ತಾನೆ. ಸೂತಪುತ್ರನೆಂಬ ಮಾತನ್ನು ಜೀವನವಿಡೀ ಕೇಳಿದವನಿಗೆ, ನೀನು ನನಗೆ ಸಮ ಎಂಬುದನ್ನು ಕೃಷ್ಣ ಹೇಳುವ ಮೊದಲೇ ಮಾಡಿ ತೋರಿಸಿದ್ದಾನೆ. ಆಮೇಲೆ ಜನ್ಮದ ಸತ್ಯ. ಆಮೇಲೆ ರಾಜ್ಯದ ಆಸೆ, ಅದೂ ಬರಿಯ ಮಾತಾಗಿ ಅಲ್ಲ, ಕಣ್ಣಿಗೆ ಕಟ್ಟುವ ಒಂದು ಓಲಗವಾಗಿ: ಎಡದಲ್ಲಿ ಕೌರವರ ಗಡಣ, ಬಲದಲ್ಲಿ ಪಾಂಡುತನಯರ ಗಡಣ, ಎದುರಿಗೆ ಮಾದ್ರ ಮಾಗಧ ಯಾದವರು, ನಡುವೆ ನೀನು. ಇದನ್ನು ಬಿಟ್ಟು ದುರ್ಯೋಧನನ ಬಾಯ್ದಂಬುಲಕ್ಕೆ, ಅಂದರೆ ಅವನು ಅಗಿದ ತಾಂಬೂಲಕ್ಕೆ, ಕೈಯೊಡ್ಡುವುದೇ ಎಂಬ ಚುಚ್ಚು ಪಕ್ಕದಲ್ಲೇ ಇದೆ.

ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ಉಕ್ಕುತ್ತದೆ. ಭಾವ ಎದ್ದಿದೆ. ಆದರೂ ಅವನು ಒಪ್ಪುವುದಿಲ್ಲ. ರಾಜ್ಯದ ಸಿರಿಗೆ ಸೋಲುವವನು ತಾನಲ್ಲ ಎನ್ನುತ್ತಾನೆ. ತನ್ನನ್ನು ಹೊರೆದ ದಾತಾರನಿಗೆ ಹಗೆಗಳ ತಲೆಯನ್ನು ಒಪ್ಪಿಸುವ ಹುಮ್ಮಸ್ಸಿನಲ್ಲಿದ್ದೆ, ಕೌರವೇಂದ್ರನನ್ನು ನೀನೇ ಕೊಂದೆ ಎನ್ನುತ್ತಾನೆ. ಕೃಷ್ಣ ಕೊಡಲು ಬಂದದ್ದು ಪದವಿ; ಕರ್ಣ ಬಾಳಿದ್ದು ಋಣಕ್ಕಾಗಿ. ಕೇಳುಗ ಯಾವುದನ್ನು ತನ್ನ ಜೀವಕ್ಕಿಂತ ದೊಡ್ಡದೆಂದು ಹಿಡಿದಿದ್ದಾನೋ ಅದನ್ನು ಬಿಡಲು ಹೇಳುವ ಮಾತು, ಎಷ್ಟೇ ಚೆಲುವಾಗಿರಲಿ, ಅಲ್ಲಿಗೆ ತಟ್ಟಿ ಹಿಂದಿರುಗುತ್ತದೆ. ಆದರೆ ಪದ್ಯ ಅಲ್ಲಿಗೇ ನಿಲ್ಲುವುದಿಲ್ಲ, ಮತ್ತು ಈ ಭಾಗವನ್ನು ಬಹಳ ಓದುಗರು ಗಮನಿಸದೆ ದಾಟುತ್ತಾರೆ. ಕೌರವನ ಋಣ ತೀರುವಂತೆ ಯುದ್ಧ ಮಾಡುತ್ತೇನೆ, ಒಡೆಯನಿಗಾಗಿ ಶರೀರವನ್ನು ನೂಕುತ್ತೇನೆ, ಆದರೆ ನಿನ್ನ ವೀರರಾದ ಐವರನ್ನು ನೋಯಿಸುವುದಿಲ್ಲ ಎಂದು ಕರ್ಣ ಸೂರ್ಯನ ಮೇಲೆ ಆಣೆಯಿಡುತ್ತಾನೆ. ಋಣಕ್ಕೆ ವಿರುದ್ಧವಾದದ್ದನ್ನು ಅವನು ಕೊಡಲಿಲ್ಲ. ವಿರುದ್ಧವಲ್ಲವೆಂದು ಅವನಿಗೆ ತೋರಿದ್ದನ್ನು ಕೇಳದೆಯೇ ಕೊಟ್ಟ.

ಗ್ರಾಮಸಭೆಗೆ ಇದರಿಂದ ನೇರವಾಗಿ ಎರಡು ಕೆಲಸಗಳು ಹುಟ್ಟುತ್ತವೆ. ವಿಶ್ವಾಸವನ್ನು ಮಾತಿನಿಂದಲ್ಲ, ನಡೆಯಿಂದ ಮೊದಲು ಗಳಿಸಬೇಕು: ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕಲು ಒಂದು ಭಾನುವಾರ ಹೋದವರು, ತಮ್ಮ ಮನೆಯ ತೆರಿಗೆಯನ್ನು ಬಾಕಿ ಉಳಿಸದೆ ಕಟ್ಟಿದವರು ಎದ್ದು ನಿಂತರೆ ಸಭೆಗೆ ಅದು ಗೊತ್ತಿರುತ್ತದೆ, ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎರಡನೆಯದು, ಬೇಡಿಕೆಯನ್ನು ಕೇಳುಗರ ನಿಷ್ಠೆಗೆ ಎದುರಾಗದಂತೆ ರೂಪಿಸಬೇಕು. ಅಧ್ಯಕ್ಷರು ಈ ವರ್ಷ ನೀರಿನ ಕೆಲಸಕ್ಕೇ ಮೊದಲ ಸ್ಥಾನವೆಂದು ಊರಿಗೆ ಮಾತು ಕೊಟ್ಟಿದ್ದರೆ, ಅವರು ಆ ಮಾತನ್ನು ಮುರಿಯದೆ ನಿಮಗೆ ಕೊಡಬಹುದಾದದ್ದು ಏನೆಂದು ಯೋಚಿಸಿ. ‘ಮೂರು ತಿಂಗಳು ಪ್ರಯೋಗವಾಗಿ ತೆರೆಯೋಣ, ಹಾಜರಿ ನೋಡಿ ಮುಂದಿನ ಸಭೆಯಲ್ಲಿ ತೀರ್ಮಾನಿಸೋಣ’ ಎಂಬುದು ಅಂಥ ರೂಪ. ಮೊದಲು ಬರೆದ ವಾಕ್ಯಕ್ಕೆ ಹಿಂದಿರುಗಿ ಅದನ್ನು ಹೀಗೆ ತಿದ್ದಿಕೊಳ್ಳಿ.

ಭಾವದ ವಿಷಯದಲ್ಲಿ ಒಂದು ಗಡಿಯಿದೆ. ಭಯ ಹುಟ್ಟಿಸಿ, ಇಲ್ಲದ ಅಂಕಿ ಹೇಳಿ, ಒಂದು ಗುಂಪಿನ ಮೇಲೆ ಇನ್ನೊಂದು ಗುಂಪನ್ನು ಎತ್ತಿಕಟ್ಟಿ ಗಳಿಸಿದ ಒಪ್ಪಿಗೆಯೂ ಒಪ್ಪಿಗೆಯಂತೆಯೇ ಕಾಣುತ್ತದೆ. ಅರಿಸ್ಟಾಟಲನ ಗುರು ಪ್ಲೇಟೊ ಮಾತಿನ ವಿದ್ಯೆಯನ್ನೇ ಅನುಮಾನದಿಂದ ನೋಡಿದ್ದು ಈ ಕಾರಣಕ್ಕೆ. ರೋಮಿನಲ್ಲಿ ಅದನ್ನು ಕಲಿಸುತ್ತಿದ್ದ ಕ್ವಿಂಟಿಲಿಯನ್, ವಾಗ್ಮಿ ಎಂದರೆ ಮಾತು ಬಲ್ಲ ಸಜ್ಜನ ಎಂದು ಗೆರೆ ಹಾಕಿದ್ದೂ ಈ ಕಾರಣಕ್ಕೆ. ಕೇಳುಗರಿಗೆ ನಿಮ್ಮ ತಂತ್ರ ಪೂರ್ತಿ ತಿಳಿದರೂ ಅವರು ಒಪ್ಪುವಂತಿದ್ದರೆ ಅದನ್ನು ಬಳಸಿ. ತಿಳಿದರೆ ಸಿಟ್ಟಾಗುವಂತಿದ್ದರೆ ಬಿಟ್ಟುಬಿಡಿ.

ಎದುರು ಪಕ್ಷವನ್ನು ನೀವೇ ಆಡಿ ನೋಡಿ

ಅಭ್ಯಾಸಕ್ಕೆ ನಮ್ಮ ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ತಾಳಮದ್ದಳೆ, ಅಂದರೆ ಮಾತು ಮತ್ತು ಹಾಡಿನಲ್ಲೇ ನಡೆಯುವ ಯಕ್ಷಗಾನ, ಒಂದು ಸಿದ್ಧ ಪಾಠಶಾಲೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಆ ಪದದ ಅರ್ಥವನ್ನು ಸ್ಥಳದಲ್ಲೇ ಮಾತಾಗಿ ಬೆಳೆಸುತ್ತಾರೆ. ವಾಲಿ ಸಾಯುವುದು, ಸಂಧಾನ ಮುರಿಯುವುದು ಎಲ್ಲರಿಗೂ ಗೊತ್ತು. ಕಥೆಯ ಕೊನೆ ಬದಲಾಗುವುದಿಲ್ಲವಾದ್ದರಿಂದ ಸಭೆಯ ಗಮನವೆಲ್ಲ ವಾದದ ಗುಣದ ಮೇಲೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದರೆ, ರಾಮನ ಅರ್ಥಧಾರಿ ಮನೆಯಲ್ಲಿ ಸಿದ್ಧಪಡಿಸಿ ತಂದ ಮಾತನ್ನು ಒಪ್ಪಿಸಿದರೆ ಸಾಲದು, ಈಗ ಕೇಳಿದ ಪ್ರಶ್ನೆಗೇ ಉತ್ತರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂಥ ಮಾತಿಗೆ ಹೆಸರಾದವರು. ಅವರ ಮತ್ತು ಅವರ ಸಮಕಾಲೀನರ ಧ್ವನಿಮುದ್ರಣಗಳು ಇಂದೂ ಕೇಳಲು ಸಿಗುತ್ತವೆ. ಕೇಳುವಾಗ ಪ್ರತಿ ಉತ್ತರದ ಮೊದಲ ವಾಕ್ಯವನ್ನು ಗಮನಿಸಿ: ಎದುರಿನವರ ಮಾತಿನಲ್ಲಿ ಯಾವುದನ್ನು ಒಪ್ಪಿಕೊಂಡು, ಎಲ್ಲಿಂದ ಬೇರೆಯಾಗುತ್ತಾರೆ ಎಂಬುದು ಅಲ್ಲೇ ತಿಳಿಯುತ್ತದೆ.

ಮನೆಯಲ್ಲಿ ಇದನ್ನೇ ಮಾಡಿ. ಮೊದಲು ನಿಮ್ಮ ಬೇಡಿಕೆಯನ್ನು ವಿರೋಧಿಸುವ ಹಿರಿಯರಾಗಿ ನಿಂತು, ಅವರ ಪಕ್ಷವನ್ನು ಅವರಿಗಿಂತ ಚೆನ್ನಾಗಿ ಮಂಡಿಸಿ. ಗೆಳೆಯರೊಬ್ಬರು ನಿಮ್ಮ ಪಾತ್ರ ವಹಿಸಲಿ. ಶಾಸ್ತ್ರದಲ್ಲಿ ಇದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಎದುರಿನವರು ‘ಹೌದು, ನಾನು ಹೇಳುವುದು ಇದನ್ನೇ’ ಎನ್ನುವಷ್ಟು ನಿಷ್ಠೆಯಿಂದ ಅವರ ಮಾತನ್ನು ನೀವು ಹೇಳಬಲ್ಲಿರಾದರೆ, ಆಮೇಲೆ ನೀವು ಕೊಡುವ ಉತ್ತರವನ್ನು ಅವರು ಕಿವಿಗೊಟ್ಟು ಕೇಳುತ್ತಾರೆ. ಈ ಲೇಖನದಲ್ಲಿ ಒಂದೇ ಅಭ್ಯಾಸ ಮಾಡುವಷ್ಟು ಬಿಡುವಿದ್ದರೆ ಇದನ್ನು ಮಾಡಿ ಎಂದೇ ನನ್ನ ಸಲಹೆ.

ಮೂರು ನಿಮಿಷಕ್ಕೆ ಇಳಿಸಿ

ಈಗ ಬರೆಯಿರಿ. ಬರೆದದ್ದನ್ನು ಗಡಿಯಾರ ಇಟ್ಟು ಗಟ್ಟಿಯಾಗಿ ಓದಿ, ಮೂರು ನಿಮಿಷ ಮೀರಿದ್ದನ್ನು ಕತ್ತರಿಸಿ. ಸಾಹಿತ್ಯದ ಮಾತುಗಳು, ಗಾದೆಗಳ ಸಾಲು, ವೇದಿಕೆಯಲ್ಲಿರುವ ಎಲ್ಲರ ಹೆಸರು ಮೊದಲು ಹೋಗಲಿ. ಉಳಿಯುವ ಮಾತು ಸುಮಾರು ಹೀಗಿರಬಹುದು:

‘ಅಧ್ಯಕ್ಷರೆ, ಸದಸ್ಯರೆ, ಊರಿನ ಹಿರಿಯರೆ, ಅಕ್ಕತಂಗಿಯರೆ. ಈ ವರ್ಷ ನೀರಿನ ಕೆಲಸ ಮೊದಲು ಆಗಬೇಕು ಎಂದು ಹಿಂದಿನ ಸಭೆಯಲ್ಲಿ ತೀರ್ಮಾನವಾಗಿದೆ, ಅದರಲ್ಲಿ ಒಂದು ರೂಪಾಯಿಯನ್ನೂ ನಾನು ಕೇಳುತ್ತಿಲ್ಲ. ನಮ್ಮ ಮಕ್ಕಳು ಶಾಲೆ ಬಿಟ್ಟು ಊರಿಗೆ ಬರುವ ಹೊತ್ತಿಗೆ ಗ್ರಂಥಾಲಯದ ಬಾಗಿಲು ಹಾಕಿರುತ್ತದೆ. ಪೊಲೀಸ್ ಪರೀಕ್ಷೆಗೆ ಓದುತ್ತಿರುವ ಹೆಣ್ಣುಮಕ್ಕಳು ದಿನಪತ್ರಿಕೆ ನೋಡಲು ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಹೋಗುತ್ತಾರೆ. ಅದೇ ಪತ್ರಿಕೆ ಇಲ್ಲಿ ಬೀಗದ ಒಳಗಿದೆ. ಡೇರಿಯನ್ನು ಹಾಲು ಕರೆಯುವ ಹೊತ್ತಿಗೆ ತೆರೆಯುತ್ತೇವೆ; ಗ್ರಂಥಾಲಯವನ್ನು ಓದುವ ಹೊತ್ತಿಗೆ ತೆರೆಯೋಣ. ಬರುವವರು ಯಾರು ಎಂದು ಹಿರಿಯರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ ಅದು. ಬರುತ್ತೇವೆಂದು ಸಹಿ ಹಾಕಿದವರ ಪಟ್ಟಿ ಇಲ್ಲಿದೆ. ಮೇಲ್ವಿಚಾರಕರೊಡನೆ ಮಾತಾಡಿದ್ದೇವೆ; ಬೆಳಗಿನ ವೇಳೆ ಕಡಿಮೆ ಮಾಡಿಕೊಟ್ಟರೆ ಸಂಜೆ ಬರಲು ಅವರು ಒಪ್ಪಿದ್ದಾರೆ. ಮೂರು ತಿಂಗಳು ಪ್ರಯೋಗವಾಗಿ ತೆರೆದು, ಹಾಜರಿ ನೋಡಿ, ಮುಂದಿನ ಗ್ರಾಮಸಭೆಯಲ್ಲಿ ತೀರ್ಮಾನಿಸೋಣ ಎಂದು ನಿರ್ಣಯ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.’

ಇದರಲ್ಲಿ ಹೇಳಿದ ಪ್ರತಿಯೊಂದೂ ನಿಮ್ಮ ಊರಿನಲ್ಲಿ ನಿಜವಾಗಿರಬೇಕು. ನಿಜವಲ್ಲದ ವಾಕ್ಯವನ್ನು ತೆಗೆದು ನಿಮ್ಮಲ್ಲಿ ನಿಜವಾದದ್ದನ್ನು ಹಾಕಿ.

ರೋಮನ್ನರು ಈ ವಿದ್ಯೆಗೆ ಐದು ಅಂಗಗಳನ್ನು ಹೇಳುತ್ತಿದ್ದರು: ವಿಷಯ ಹುಡುಕುವುದು, ಜೋಡಿಸುವುದು, ಮಾತಿಗೆ ಇಳಿಸುವುದು, ನೆನಪಿಡುವುದು, ಆಡುವುದು. ಕೊನೆಯ ಎರಡನ್ನು ನಾವು ಅಲಕ್ಷಿಸುತ್ತೇವೆ. ಬರೆದದ್ದನ್ನು ಸಭೆಯಲ್ಲಿ ಓದಬೇಡಿ. ನೀರು, ಬಸ್ಸು, ಡೇರಿ, ಸಹಿ, ಮೂರು ತಿಂಗಳು ಎಂದು ಐದೇ ಗುರುತುಗಳನ್ನು ಚೀಟಿಯಲ್ಲಿಟ್ಟುಕೊಂಡು ಮಾತಾಡಿ. ಮನೆಯಲ್ಲಿ ಆಡುವ ಕನ್ನಡದಲ್ಲೇ ಮಾತಾಡಿ. ಕಲಬುರಗಿಯವರು ಮೈಸೂರಿನ ಕನ್ನಡವನ್ನು ಎರವಲು ತರಬೇಕಾಗಿಲ್ಲ. ಧ್ವನಿವರ್ಧಕ ಕೈಗೆ ಬಂದ ಕೂಡಲೇ ಶುರು ಮಾಡದೆ, ಹಿಂದಿನ ಸಾಲು ಸುಮ್ಮನಾಗುವವರೆಗೆ ನಿಂತು, ಆ ಸಾಲಿನವರನ್ನು ನೋಡಿ ಮೊದಲ ವಾಕ್ಯ ಹೇಳಿ.

ಪ್ರಶ್ನೆಗಳು ಬಂದಾಗ, ಮತ್ತು ಆಮೇಲೆ

ಗೌತಮನ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆ ಮಾಡುತ್ತದೆ. ಸತ್ಯ ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನ ಪಕ್ಷವನ್ನೇ ಸ್ಥಾಪಿಸದೆ ಎದುರಿನವರದನ್ನು ಕೆಡವುವುದಷ್ಟೇ ವಿತಂಡಾ. ಪ್ರಶ್ನೆ ಕೇಳುತ್ತಿರುವವರು ಯಾವುದರಲ್ಲಿದ್ದಾರೆಂದು ಗುರುತಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ವಾದಕ್ಕೆ ಪೂರ್ತಿ ಉತ್ತರ ಕೊಡಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ. ಜಲ್ಪಕ್ಕೆ ಒಂದು ವಾಕ್ಯದ ಉತ್ತರ ಸಾಕು. ವಿತಂಡಾ ಎದುರಾದರೆ, ‘ಹಾಗಾದರೆ ಮಕ್ಕಳು ಸಂಜೆ ಎಲ್ಲಿ ಓದಬೇಕು, ತಾವೇ ಒಂದು ದಾರಿ ಹೇಳಿ’ ಎಂದು ವಿನಯದಿಂದ ಕೇಳಿ, ಅವರು
ದಾರಿ ಹೇಳಿದರೆ ಚರ್ಚೆ ಮುಂದೆ ಹೋಗುತ್ತದೆ, ಹೇಳದಿದ್ದರೆ ಸಭೆ ಅದನ್ನು ಗಮನಿಸುತ್ತದೆ. ಹಿರಿಯರು ಗದರಿದರೆ ಅದೇ ದನಿಯಲ್ಲಿ ಉತ್ತರಿಸಬೇಡಿ. ಆ ಕ್ಷಣದಲ್ಲಿ ಸಭೆ ನೋಡುತ್ತಿರುವುದು ನಿಮ್ಮ ವಾದವನ್ನಲ್ಲ, ನಿಮ್ಮನ್ನು.

ಒಪ್ಪಿಗೆ ಸಿಕ್ಕಿತೆಂದು ಎದ್ದು ಹೊರಡಬೇಡಿ. ‘ಗ್ರಂಥಾಲಯದ ಬಗ್ಗೆ ಚರ್ಚಿಸಲಾಯಿತು’ ಎಂಬ ಒಂದು ಸಾಲು ನಡಾವಳಿಗೆ ಹೋದರೆ ಇಷ್ಟೆಲ್ಲ ಸಿದ್ಧತೆಯೂ ಆ ಸಾಲಿನಲ್ಲೇ ಕರಗಿಹೋಗುತ್ತದೆ. ನಿರ್ಣಯದ ವಾಕ್ಯವನ್ನು ಮನೆಯಿಂದಲೇ ಬಿಡಿ ಹಾಳೆಯಲ್ಲಿ ಬರೆದು ತಂದಿರಿ: ಯಾವ ದಿನಾಂಕದಿಂದ, ಯಾವ ವೇಳೆ, ಎಷ್ಟು ತಿಂಗಳು, ಹಾಜರಿ ವಹಿ ಇಡುವವರು ಯಾರು, ಮುಂದಿನ ಸಭೆಗೆ ವರದಿ ಕೊಡುವವರು ಯಾರು. ನಡಾವಳಿ ಬರೆಯುತ್ತಿರುವ ಕಾರ್ಯದರ್ಶಿಯವರಿಗೆ ಅದನ್ನು ಕೊಟ್ಟು, ಸಹಿಯಾಗುವ ಮೊದಲು ಆ ಭಾಗವನ್ನು ಸಭೆಗೆ ಓದಿ ಹೇಳುವಂತೆ ಅಧ್ಯಕ್ಷರನ್ನು ಕೇಳಿಕೊಳ್ಳಿ, ಮತ್ತು ನಡಾವಳಿಯ ಪ್ರತಿಗಾಗಿ ಅದೇ ವಾರ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.